ಇಲೋನಾ ಉಜ್ಜಿದ ಅರವತ್ತೊಂದು ಕಾರ್ಡುಗಳು

ಅಮೆರಿಕದ ಟೊಲೀಡೊ ಊರಿನ ಗಾಜಿನ ಕಾರ್ಖಾನೆಯಲ್ಲಿ ಇಲೋನಾ ಬಾರ್ತಾಳದು ಕಣ್ಣಿನ ಕೆಲಸ. ದೀಪದ ಮುಂದೆ ಒಂದರ ಹಿಂದೊಂದು ಹಾದುಹೋಗುವ ಕಾರಿನ ಗಾಜುಗಳಲ್ಲಿ ಗುಳ್ಳೆ, ಗೀರು ಹುಡುಕಿ ಪಕ್ಕಕ್ಕೆ ತೆಗೆಸಬೇಕು. ಅಲ್ಲೇ ಲಾರಿಗೆ ಗಾಜು ತುಂಬುತ್ತಿದ್ದ ಲೆಸ್ಟರ್ ಅವಳನ್ನು ಮದುವೆಯಾದ. "ನನ್ನ ಐಬೆಲ್ಲ ಮೊದಲನೇ ದಿನವೇ ಕಂಡುಹಿಡಿದ್ಲು. ಅದೇನು ದಯೆ ಬಂತೋ, ಪಾಸ್ ಮಾಡಿಬಿಟ್ಲು" ಎಂದು ಎಲ್ಲರ ಮುಂದೆಯೂ ಹೇಳಿಕೊಂಡು ನಗುತ್ತಿದ್ದ.

ಲೆಸ್ಟರ್‌ಗೆ ಚಿಕ್ಕಂದಿನಿಂದಲೂ ಬೇಸ್‌ಬಾಲ್ ಕಾರ್ಡುಗಳ ಹುಚ್ಚು. ಚೂಯಿಂಗ್ ಗಮ್ಮಿನ ಪೊಟ್ಟಣದಲ್ಲಿ ಬರುತ್ತಿದ್ದ, ಆಟಗಾರರ ಬಣ್ಣದ ಚಿತ್ರವಿದ್ದ ರಟ್ಟಿನ ತುಂಡುಗಳು. ಐವತ್ತೊಂಬತ್ತನೇ ಇಸವಿಯಲ್ಲಿ ಬಂದ ಕಾರ್ಡುಗಳ ಸೆಟ್ಟು ಪೂರ್ತಿಯಾದ ದಿನ, ಇನ್ನು ಹುಡುಕುವುದಕ್ಕೆ ಏನೂ ಉಳಿಯಲಿಲ್ಲವಲ್ಲ ಎಂದು ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದ ಇಲೋನಾ ಕೈ ಒರೆಸಿಕೊಂಡು ಬಂದು ಎರಡು ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟಳು.

"ಇವೆರಡೂ ಒಂದೇನಾ?"

"ಒಂದೇ ಅಲ್ವೇನೆ? ಒಬ್ಬನೇ ಆಟಗಾರ, ಅದೇ ನಂಬರು."

"ನಿನಗೆ ಕನ್ನಡಕ ಸಾಲಲ್ಲ ಲೆಸ್ಟರ್, ತಲೇನೇ ಬದಲಾಯಿಸ್ಬೇಕು. ಇವನ ಟೋಪಿ ಮೇಲೆ ನೋಡು, ಕರೀ ಚುಕ್ಕೆ. ಅದರಲ್ಲಿ ಎಲ್ಲಿದೆ?"

ಅಚ್ಚಿನ ಫಲಕದ ಮೇಲೆ ಕೂತ ಧೂಳಿನ ಕಣವೊಂದು, ಯಾರಾದರೂ ಒರೆಸುವವರೆಗೂ ಕಾರ್ಡಿನಿಂದ ಕಾರ್ಡಿಗೆ ಅದೇ ಜಾಗದಲ್ಲಿ ಆ ಚುಕ್ಕೆಯನ್ನು ಒತ್ತುತ್ತ ಹೋಗಿತ್ತು. ಅಂಥವನ್ನೇ ಹುಡುಕಿ ಕೂಡಿಡುವವರೂ ಇದ್ದಾರೆಂದು ಲೆಸ್ಟರ್‌ಗೆ ಆಮೇಲೆ ಗೊತ್ತಾಯಿತು. ಮುಂದಿನ ಮೂವತ್ತು ವರ್ಷ ಅವರ ಭಾನುವಾರಗಳು ಅದರಲ್ಲೇ ಕಳೆದವು. ಚರ್ಚಿನ ನೆಲಮಾಳಿಗೆಯಲ್ಲಿ ಕಾರ್ಡಿನ ಸಂತೆ ಸೇರಿದರೆ ಇಬ್ಬರೂ ಹೋಗುವರು. ಅವಳು ಹುಡುಕುವಳು, ಅವನು ಬರೆದುಕೊಳ್ಳುವನು. ಹೆಸರಿನ ಮೇಲೆ ಹರಿದ ಹಸಿರು ಗೆರೆ, ಕೆಂಪು ಶಾಯಿ ತಪ್ಪಿ ಹಳದಿಯಾಗಿಯೇ ಉಳಿದ ಅಂಗಿ. ಹೀಗೆ ಅರವತ್ತೊಂದು ಕಾರ್ಡುಗಳು ಸೇರಿದವು. "ನಿನ್ನ ಹೆಂಡ್ತಿ ಕಣ್ಣು ಒಂದಿನ ನಮಗೂ ಕೊಡಯ್ಯ" ಎಂದು ಗೆಳೆಯರು ಕಾಡುತ್ತಿದ್ದರು.

ಎಪ್ಪತ್ತಾರನೇ ವಯಸ್ಸಿನಲ್ಲಿ ಇಲೋನಾಗೆ ಮರೆವು ಶುರುವಾಯಿತು. ಕೋಳಿ ಸಾರಿಗೆ ಎರಡೆರಡು ಸಲ ಉಪ್ಪು ಬಿತ್ತು. ಆಮೇಲೆ ಮಗಳು ರೋಸಲಿನ್‌ಳ ಹೆಸರು ಹೋಯಿತು. ವೈದ್ಯರು ಹೇಳಬೇಕಾದ್ದನ್ನು ಹೇಳಿದರು. ಲೆಸ್ಟರ್ ಮಾತ್ರ ಭಾನುವಾರ ತಪ್ಪದೆ ಕಾರ್ಡುಗಳನ್ನು ಮೇಜಿನ ಮೇಲೆ ಹರಡುತ್ತಿದ್ದ. ಅವಳು ಒಂದೊಂದನ್ನೇ ಎತ್ತಿ ನೋಡಿ ಸುಮ್ಮನೆ ಕೆಳಗಿಡುತ್ತಿದ್ದಳು.

ಅಕ್ಟೋಬರಿನ ಒಂದು ಬೆಳಿಗ್ಗೆ ಅವನು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದ. ಒಂದೂವರೆ ತಾಸಿನಲ್ಲಿ ತಿರುಗಿ ಬಂದರೆ ಅಡುಗೆಮನೆಯ ಮೇಜಿನ ತುಂಬ ಕಾರ್ಡುಗಳು. ಇಲೋನಾಳ ಕೈಯಲ್ಲಿ ಶಾಯಿ ಅಳಿಸುವ ಗಟ್ಟಿ ರಬ್ಬರು, ಮಡಿಲಲ್ಲಿ ರಬ್ಬರಿನ ಪುಡಿ.

"ಬಂದ್ಯಾ? ಎಷ್ಟು ಕೊಳೆ ಕೂತಿತ್ತು ನೋಡು. ಎಲ್ಲಾ ಕ್ಲೀನ್ ಮಾಡ್ಬಿಟ್ಟೆ."

ಚುಕ್ಕೆ, ಗೆರೆಗಳಿದ್ದ ಕಡೆಯೆಲ್ಲ ರಟ್ಟು ಬಿಳಿಯಾಗಿ ಸುಲಿದಿತ್ತು. ಹಳದಿ ಅಂಗಿಗೆ ಪೆನ್ಸಿಲಿನಿಂದ ಕೆಂಪು ಬಣ್ಣ ತುಂಬಿದ್ದಳು. ಸೆಟ್ಟಿನ ಐನೂರಕ್ಕೂ ಮಿಕ್ಕಿದ ಕಾರ್ಡುಗಳಲ್ಲಿ ಸರಿಯಾಗಿ ಆ ಅರವತ್ತೊಂದನ್ನೇ ಆರಿಸಿ ತೆಗೆದಿದ್ದಳು. ಕಣ್ಣು ಹಾಗೇ ಇತ್ತು. ಅವನ್ನು ಯಾಕೆ ಕಾಪಾಡಬೇಕು ಎಂಬುದಷ್ಟೇ ಅಳಿಸಿಹೋಗಿತ್ತು.

"ಏನ್ ಮಾಡ್ಬಿಟ್ಟೆ ನೀನು! ಏನೇ ಇದು!" ಲೆಸ್ಟರ್ ಕೂಗಿಬಿಟ್ಟ.

ಇಲೋನಾ ಥಟ್ಟನೆ ಎದ್ದು ನಿಂತಳು. ರಬ್ಬರು ಕೈಜಾರಿತು. "ತಪ್ಪಾಯ್ತು ಸರ್. ಕೆಲಸದಿಂದ ಮಾತ್ರ ತೆಗೀಬೇಡಿ. ನಾಳೆಯಿಂದ ಸರಿಯಾಗಿ ನೋಡ್ತೀನಿ."

ಐವತ್ತೆರಡು ವರ್ಷದ ಸಂಸಾರದಲ್ಲಿ ಅವಳು ಅವನಿಗೆ ಹೆದರಿದ್ದು ಅದೇ ಮೊದಲು. ಲೆಸ್ಟರ್ ಬಗ್ಗಿ ರಬ್ಬರು ಎತ್ತಿ ಅವಳ ಕೈಗಿಟ್ಟ.

"ಯಾರೂ ತೆಗೆಯಲ್ಲ. ನಿನ್ನಷ್ಟು ಚೆನ್ನಾಗಿ ನೋಡೋರು ಇಲ್ಲಿ ಇನ್ಯಾರಿದಾರೆ? ಕೂತ್ಕೊ."

ಆ ಚಳಿಗಾಲವಿಡೀ ಅವನು ಸಂತೆಯಿಂದ ಯಾರಿಗೂ ಬೇಡವಾದ ಮಾಸಲು ಕಾರ್ಡುಗಳನ್ನು ಡಬ್ಬಗಟ್ಟಲೆ ತಂದುಕೊಟ್ಟ. ಇಲೋನಾ ಮಧ್ಯಾಹ್ನಗಳಲ್ಲಿ ಕೂತು ಉಜ್ಜುತ್ತಿದ್ದಳು. ಮುಗಿದ ಮೇಲೆ "ಆಯ್ತು ಸರ್" ಎಂದು ಕೊಡುವಳು. ಅವನು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ "ಪಾಸ್" ಎನ್ನುವನು. ಇನ್ನೊಂದು ಸಲ "ಲೆಸ್ಟರ್" ಎನ್ನಲಿ ಎಂದು ಕಾದ. ಅವಳು ಅನ್ನಲೇ ಇಲ್ಲ. ಏಪ್ರಿಲ್‌ನಲ್ಲಿ ತೀರಿಕೊಂಡಳು.

ಮಣ್ಣು ಮಾಡಿ ಬಂದ ಮೇಲೆ ರೋಸಲಿನ್ ಪಾತ್ರೆ ತೊಳೆಯುತ್ತ ಮೆಲ್ಲಗೆ ಕೇಳಿದಳು, "ಆ ಅರವತ್ತೊಂದು ಕಾರ್ಡು ಏನ್ ಮಾಡ್ತೀಯಪ್ಪಾ? ಹಾಳಾದವು ಅಂತ ತೆಗೆದು ಬಿಸಾಕಲಾ?"

"ಬೇಡ ಮಗಳೇ. ಅವನ್ನ ಕೊನೇಲಿ ನೋಡಿ ಪಾಸ್ ಮಾಡಿದ್ದು ನಿಮ್ಮಮ್ಮ."

ಪಾತ್ರೆ ಒರೆಸುತ್ತಿದ್ದ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಲೆಸ್ಟರ್ ಅಲ್ಲೇ ನಿಂತು ಬಿಕ್ಕತೊಡಗಿದ. ರೋಸಲಿನ್ ನೀರು ನಿಲ್ಲಿಸಿ, ಒದ್ದೆ ಕೈಯಲ್ಲೇ ಅಪ್ಪನ ತೋಳು ಹಿಡಿದು ಕುರ್ಚಿಯ ಮೇಲೆ ಕೂರಿಸಿದಳು.