ತಂಬಿಗೆ ಒಂದು ಹೇಳಿತು, ಶಾಲೆ ಇನ್ನೊಂದು

ನನ್ನ ಅವ್ವನನ್ನು ಹೆತ್ತವಳು ಯಾರು? ಅವ್ವನಿಗೆ ಎಪ್ಪತ್ತು ದಾಟಿದ ಮೇಲೆ ನಾನು ಈ ಪ್ರಶ್ನೆಯ ಬೆನ್ನು ಹತ್ತಿದೆ. ಸಿಂಧನೂರಿನ ನಮ್ಮ ಮನೆಯಲ್ಲಿ ಯಾರೂ ತಡೆಯಲಿಲ್ಲ. ಇವಳಿಗೆ ಬೇರೆ ಕೆಲಸವಿಲ್ಲ ಎಂದರು, ಅಷ್ಟೇ.

ಲಿಂಗಸುಗೂರಿನ ನನ್ನಜ್ಜನಿಗೆ ಎರಡು ಮದುವೆ. ಮೊದಲನೆಯವಳು ಮಸ್ಕಿಯವಳು, ಚಿಕ್ಕ ವಯಸ್ಸಿನಲ್ಲೇ ತೀರಿಹೋದಳು. ಆಮೇಲೆ ಬಂದವಳು ಜವಳಗೇರಾದವಳು. ಅವ್ವನನ್ನು ಬೆಳೆಸಿದವಳು ಅವಳೇ. ಆದರೆ ಅವ್ವ ಅವಳನ್ನು ಕರೆಯುತ್ತಿದ್ದದ್ದು ‘ಚಿಗವ್ವ’ ಎಂದು. ನಮ್ಮ ಕಡೆ ಚಿಕ್ಕಪ್ಪನ ಹೆಂಡತಿಯೂ ಚಿಗವ್ವ, ಮಲತಾಯಿಯೂ ಚಿಗವ್ವ. ಅವ್ವ ಇನ್ನೂ ಶಾಲೆಗೆ ಹೋಗುತ್ತಿದ್ದಾಗಲೇ ಅವಳೂ ಹೋಗಿಬಿಟ್ಟಳು. ತಾನು ಮಸ್ಕಿಯವಳ ಮಗಳು, ಸಾಕಿದವಳು ಮಲತಾಯಿ ಎಂದೇ ಅವ್ವ ಇಷ್ಟು ವರ್ಷ ನಂಬಿದ್ದಳು. ಮದುವೆಯಲ್ಲಿ ಅವಳಿಗೆ ಕೊಟ್ಟ ಹಿತ್ತಾಳೆ ತಂಬಿಗೆಯ ಮೇಲೂ ಮಸ್ಕಿಯವಳ ಹೆಸರೇ ಕೊರೆದಿತ್ತು.

ಆದರೆ ಲಿಂಗಸುಗೂರಿನ ಶಾಲೆಯಿಂದ ನಾನು ತಂದ ದಾಖಲೆಯಲ್ಲಿ ತಾಯಿಯ ಹೆಸರು ಜವಳಗೇರಾದವಳದು! ನನಗೆ ಕುಂತಲ್ಲಿ ಕೂರಲಾಗಲಿಲ್ಲ. ಬದುಕಿದ್ದವಳ ಹೆಸರು ಬರೆಸಿರುತ್ತಾರೆ ಬಿಡು ಎಂದಳು ಅವ್ವ. ಎಂದಳೇ ಹೊರತು ಆ ಕಾಗದವನ್ನು ಕೈಯಿಂದ ಬಿಡಲಿಲ್ಲ.

ಅವ್ವನ ದೊಡ್ಡಪ್ಪನ ಮಗಳು, ನನಗೆ ದೊಡ್ಡವ್ವ, ಮದುವೆಯಾಗಿ ಹೋಗಿ ಮಸ್ಕಿಯಲ್ಲಿದ್ದಾಳೆ. ಎಂಬತ್ತು ಮೀರಿದರೂ ಮಾತಿಗೆ ಸುಸ್ತಿಲ್ಲ. ಮರುದಿನವೇ ಬಸ್ ಹತ್ತಿದೆ. ಚಹಾ ಕುಡಿಯುತ್ತ ಅವಳು ಎಲ್ಲರೂ ಕೂಡಿದ್ದ ಹಳೆಯ ಮನೆಯ ಅಡುಗೆ ನೆನೆದು, ಹೋಳಿಗೆಗೆ ನಮ್ಮ ವೈನಿಯ ಕೈಯೇ ಕೈ ಎಂದಳು. ವೈನಿ ಎಂದರೆ ಅತ್ತಿಗೆ. ಯಾವ ವೈನಿ ಎಂದು ಕೇಳಿದೆ.

“ನಮ್ಮವ್ವ. ನಮ್ಮ ಕಾಕಾಗೋಳು ವೈನಿ ಅಂತಿದ್ರು, ನಾವೂ ಹಂಗ ಕರದ್ವಿ.”

ನಾನು ಕಪ್ಪನ್ನು ಕೆಳಗಿಟ್ಟೆ. ಹಾಗಾದರೆ ನನ್ನ ಅವ್ವ ಚಿಗವ್ವ ಅಂದದ್ದು?

“ನಾವೆಲ್ಲ ಚಿಗವ್ವ ಅಂತಿದ್ವಿ, ನಿಮ್ಮವ್ವನೂ ನಮ್ಮನ್ನ ನೋಡಿ ಹಂಗ ಅಂತಿದ್ಲು. ನಿಮ್ಮವ್ವ ಹುಟ್ಟಿದಾಗ ಚಿಗವ್ವನ ಬಾಣಂತನ ಜವಳಗೇರಾದಾಗ ಆತು. ತೊಟ್ಟಿಲಕ್ಕ ಹಾಕೋ ದಿನ ನಾನೂ ಹೋಗಿದ್ದೆ. ಯಾಕ, ನಿಮ್ಮವ್ವಗ ಗೊತ್ತಿಲ್ಲೇನು?”

ಗೊತ್ತಿದ್ದವರಿಗೆ ಅದು ಹೇಳಬೇಕಾದ ಸಂಗತಿಯೇ ಆಗಿರಲಿಲ್ಲ, ಗೊತ್ತಿಲ್ಲದವಳು ಬಾಯಿಬಿಟ್ಟು ಕೇಳಲಿಲ್ಲ. ತಂಬಿಗೆಯ ಮಾತೆತ್ತಿದರೆ ದೊಡ್ಡವ್ವ ನಕ್ಕುಬಿಟ್ಟಳು. ಸತ್ತವಳ ಹೆಸರಿದೆ ಎಂದು ಗಟ್ಟಿ ತಂಬಿಗೆಯನ್ನು ಯಾರಾದರೂ ಎಸೆಯುತ್ತಾರೆಯೇ ಎಂದಳು.

ಫೋನಿನಲ್ಲಿ ಹೇಳುವ ಸುದ್ದಿ ಇದಲ್ಲ ಎಂದು ಬಾಯಿ ಕಟ್ಟಿಕೊಂಡೇ ಬಸ್ ಹತ್ತಿದೆ. ಆದರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಪಕ್ಕದ ಸೀಟಿನ ಗುರುತಿಲ್ಲದ ಹೆಂಗಸಿಗೆ ಇಡೀ ಕಥೆ ಹೇಳಿದೆ. ಆಕೆ ನನಗಿಂತ ಹೆಚ್ಚು ಖುಷಿಪಟ್ಟಳು.

ಮನೆಗೆ ಬಂದವಳೇ ಚಪ್ಪಲಿ ಕಳಚದೆ ಹೇಳಿದೆ. ಅವ್ವ ಇನ್ನೊಮ್ಮೆ ಹೇಳು ಎಂದಳು. ಹೇಳಿದೆ.

“ಆಕಿ ಬೈದಾಗೆಲ್ಲ, ಹಡದಾಕಿ ಆಗಿದ್ರ ಹಿಂಗ ಬೈತಿದ್ದಿಲ್ಲ ಅಂತ ಅನ್ಕೊಂಡೀನಿ” ಎಂದಳು. ಅವಳ ಕಣ್ಣು ತುಂಬಿದ್ದು ನೋಡಿ ನನಗೂ ತಡೆಯಲಾಗಲಿಲ್ಲ.

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಮಸ್ಕಿಗೆ ಫೋನ್ ಹಚ್ಚಿಕೊಡು ಎಂದು ಗಡಿಬಿಡಿ ಮಾಡಿದಳು. ಆ ಕಡೆ ದೊಡ್ಡವ್ವ ಫೋನ್ ಎತ್ತಿದ್ದೇ ತಡ, ಅವ್ವ ಕುಶಲ ಕೂಡ ಕೇಳಲಿಲ್ಲ.

“ಅಕ್ಕಾ, ತೊಟ್ಟಿಲಕ್ಕ ಹಾಕೋವಾಗ ನಮ್ಮವ್ವ ನನ್ನ ಏನಂತ ಕರದ್ಲು?”