ಸೈಕಲ್ಲಿನ ಕೆಂಪು ದೀಪ ಮತ್ತು ಕುರಿಗಾರರ ಅನುಮಾನ

ಗೆಳೆಯರೇ, ಇವತ್ತು ರಾತ್ರಿ ಊರಾಚೆಯ ಕೊಹೀರ್ ರಸ್ತೆಯಲ್ಲಿ ನನ್ನನ್ನು ಕುರಿಗಳ್ಳನೆಂದು ತಡೆದು ನಿಲ್ಲಿಸಿದ್ದರು.

ಊಟವಾದ ಮೇಲೆ ತಣ್ಣನೆಯ ಗಾಳಿಯಲ್ಲಿ ಒಂದಷ್ಟು ದೂರ ಸೈಕಲ್ ತುಳಿಯುವುದು ನನಗೆ ಈಚೆಗೆ ಹತ್ತಿದ ರುಚಿ. ಲಾರಿಯವರಿಗೆ ಕಾಣಲೆಂದು ಹಿಂದೆ ಮಿಣುಕುವ ಕೆಂಪು ದೀಪ ಕಟ್ಟಿದ್ದೇನೆ. ಪಕ್ಕದ ಹೊಲದಲ್ಲಿ ಕುರಿ ನಿಲ್ಲಿಸಿದ್ದ ಒಬ್ಬ ಮುದುಕ ಮತ್ತು ಆತನ ಮಗಳು ಮುಖಕ್ಕೆ ಬ್ಯಾಟರಿ ಬಿಟ್ಟು ಅಡ್ಡ ನಿಂತರು.

“ಮೂರ್ ರಾತ್ರಿ ಆತು ನೋಡಾಕತ್ತೀವಿ. ಆ ಕೆಂಪು ಲೈಟಿನಿಂದ ಯಾರಿಗ ಇಶಾರಾ ಮಾಡ್ತೀರಿ?” ಎಂದು ಮುದುಕ ಕೇಳಿದ. ಹೋದ ವಾರ ಅವರ ಎರಡು ಕುರಿ ಕಳುವಾಗಿದ್ದವಂತೆ; ನಾನು ಕಳ್ಳರಿಗೆ ಸನ್ನೆ ಮಾಡುತ್ತಿದ್ದೇನೆಂದು ಅವರ ಅನುಮಾನ.

“ಇಶಾರಾ ಅಲ್ರಿ ಕಾಕಾ, ಗಾಡಿ ಬಡೀಬಾರ್ದಂತ ಹಚ್ಚೀನಿ. ಸುಮ್ಮ ಹವಾ ತಗೊಳ್ಳಾಕ ಬರ್ತೀನಿ.”

“ಮನ್ಯಾಗ ಮೋಟಾರ್ ಸೈಕಲ್ ಅದ ಏನ್ರಿ?”

“ಅದ.”

“ಅದನ್ನ ಬಿಟ್ಟು ಕತ್ತಲದಾಗ ಇದನ್ನ ತುಳೀತೀರಿ?”

ನನ್ನ ಮಾತು ನನಗೇ ಸುಳ್ಳೆನಿಸತೊಡಗಿತು.

ಮಗಳು ನನ್ನ ಫೋನಿನಿಂದಲೇ ನನ್ನ ಹೆಂಡತಿಗೆ ಕರೆ ಮಾಡಿಸಿದಳು, ಸ್ಪೀಕರ್ ಹಾಕಿಸಿದಳು. “ಅಕ್ಕಾ, ನಿಮ್ಮ ಮನಿಯವರು ದಿನಾ ರಾತ್ರಿ ಸೈಕಲ್ ಮ್ಯಾಲ ಯಾಕ ಹೋಗ್ತಾರ್ರಿ?”

ಆ ಕಡೆಯಿಂದ ಹೆಂಡತಿಯ ದನಿ ಬಂತು: “ಹವಾ ತಗೊಳ್ಳಾಕ ಅಂತ ಹೇಳ್ತಾರ್ರಿ. ನನಗೂ ಅನುಮಾನ ಅದ.”

ಮುದುಕ ಮೊದಲ ಸಲ ನಕ್ಕ. “ಹೋಗ್ರಿ” ಎಂದು ದಾರಿ ಬಿಟ್ಟ.

ಕುರಿಗಾರರೇನೋ ನನ್ನನ್ನು ಬಿಟ್ಟಿದ್ದಾರೆ. ಮನೆಯಲ್ಲಿ ಮಾತ್ರ ವಿಚಾರಣೆ ಈಗಷ್ಟೇ ಶುರುವಾಗಿದೆ.