ಬೋರರ್ ಔಷಧಿಯ ಮಾನ

ಕಾಫಿ ಗಿಡದ ಕಾಂಡ ಕೊರೆಯುವ ಬೋರರ್ ಹುಳ ಒಂದು ಕಂಪನಿಯ ಔಷಧಿಗೆ ಸಾಯುವುದಿಲ್ಲ ಎಂದು ನನ್ನ ತೋಟದಲ್ಲೇ ಪರೀಕ್ಷಿಸಿ, ಬೆಳೆಗಾರರ ಪತ್ರಿಕೆಯಲ್ಲಿ ಬರೆದೆ. ಕಂಪನಿ ನನ್ನ ಮೇಲೂ ಪತ್ರಿಕೆಯ ಸಂಪಾದಕರ ಮೇಲೂ ಮಾನನಷ್ಟದ ಕೇಸು ಹಾಕಿತು. ಸಂಪಾದಕರು ಕ್ಷಮೆ ಕೇಳಿ ಬಿಡಿಸಿಕೊಂಡರು, ನಾನು ಕೇಳಲಿಲ್ಲ. ಆಮೇಲೆ ಕೇಸಿಗೆ ಹೆದರಿ ಕೊಟ್ಟಿಗೆಹಾರದ ಹೋಟೆಲಿನಲ್ಲಿ ನನ್ನ ಬೆಂಚಿಗೆ ಯಾರೂ ಬಂದು ಕೂರುತ್ತಿರಲಿಲ್ಲ.

ಸಾಕ್ಷಿ ಬೇಕಿತ್ತು. ಬಾಳೂರಿನ ರಾಮೇಗೌಡರ ತೋಟಕ್ಕೆ ಹೋದೆ. ಅದೇ ಔಷಧಿ ಹೊಡೆದಿದ್ದ ಗಿಡಗಳಿಗೆ ಬೋರರ್ ಬಿದ್ದಿತ್ತು, ಅವನ್ನು ಕೀಳಿಸಿ ಸುಡಿಸುತ್ತಿದ್ದರು.

"ಇದನ್ನೇ ಕೋರ್ಟಿನಲ್ಲಿ ಹೇಳಿ" ಎಂದೆ.

"ನೀವು ಬರೆದದ್ದು ಸತ್ಯವೇ ಮಾರಾಯ್ರೆ. ನನ್ನನ್ನ ಮಾತ್ರ ಎಳೀಬೇಡಿ."

ಹೊರಟೆ. ಜೀಪಿನವರೆಗೂ ಹಿಂದೆ ಬಂದು ದನಿ ತಗ್ಗಿಸಿದರು: "ಅಲ್ಲ, ಈ ಹುಳಕ್ಕೆ ಈಗ ನಾನೇನು ಮಾಡ್ಲಿ? ಬರೀಬೇಡಿ, ಬಾಯಲ್ಲೇ ಹೇಳಿ."

"ನೆರಳಿನ ಮರ ಕಡಿಸಬೇಡಿ, ಕಾಂಡದ ತೊಗಟೆ ಉಜ್ಜಿಸಿ, ಹುಳದ ಮೊಟ್ಟೆ ಉದುರುತ್ತೆ" ಎಂದು ನಾನೂ ಮೆಲ್ಲಗೆ ಹೇಳಿದೆ. ಯಾವ ವಕೀಲರೂ ತಪ್ಪು ಹುಡುಕಲಾಗದ ನನ್ನ ಏಕೈಕ ವಿಜ್ಞಾನ ಲೇಖನ ಅದು, ಓದುಗರು ಒಬ್ಬರೇ.